ಬೀಗ ಬದಲಾಯಿಸಿದ ಹುಡುಗಿಯರು

ಚಿಕ್ಕಬಾಣಾವರ
೭ ಜುಲೈ ೨೦೦೯, ಮಂಗಳವಾರ

ಇಂಚರಳ ಅಪ್ಪನಿಗೆ,

'ದೂರ ನಿಂತವರಿಗಷ್ಟೇ ಮನೆ ಪೂರ್ತಿ ಕಾಣುತ್ತದೆ' ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳು ತಾನೇ ಬರೆದು ಓದಿದ ಪದ್ಯದ್ದು. ಅವಳ ಹೆಸರು ಮರೆತಿದೆ, ಮುಂದಿನ ಸಾಲೂ ಮರೆತಿದೆ. 'ಕಾಣುತ್ತದೆ' ಅಂದಳೋ 'ಕಂಡೀತು' ಅಂದಳೋ ಅದೂ ಸರಿಯಾಗಿ ನೆನಪಿಲ್ಲ. ಆಗ ತಲೆದೂಗಿದವರಲ್ಲಿ ನಾನೂ ಒಬ್ಬಳು. ಈಗ ಅವಳು ಸಿಕ್ಕಿದರೆ ಕೇಳುತ್ತೇನೆ, ದೂರ ನಿಂತವರಿಗೆ ಕಾಣುವುದು ಗೋಡೆ, ಸುಣ್ಣಬಣ್ಣ, ಹೆಚ್ಚೆಂದರೆ ಒಲೆಯ ಹೊಗೆ, ಒಳಗೆ ಯಾರು ಹಸಿದು ಕೂತಿದ್ದಾರೆ ಅನ್ನುವುದು ಕಾಣುತ್ತದೇನೇ ಎಂದು. ಅವಳು ಸಿಗುವುದಿಲ್ಲ. ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ಪಂತ್‌ನಗರದಲ್ಲಿ ನಿಂತು ನೀವು ನೋಡಿದ ಕಾಲೇಜು ಯಾವುದು?

ಇರಲಿ, ಮೊದಲು ನಿಮ್ಮ ಆರೋಗ್ಯ. ಮೊಣಕಾಲು ನೋವು ಹೇಗಿದೆ? ಸೆಕೆಗೆ ಬೆನ್ನಿನ ತುಂಬ ಗುಳ್ಳೆ ಎದ್ದಿದೆ ಎಂದಿದ್ದಿರಿ, ಕಳಿಸಿದ ಪುಡಿ ಹಚ್ಚಿಕೊಳ್ಳುತ್ತಿದ್ದೀರಾ ಅಥವಾ ಡಬ್ಬಿ ಹಾಗೇ ಟ್ರಂಕಿನಲ್ಲಿದೆಯಾ? ಮೆಸ್ಸಿನವನು ಈಗಲಾದರೂ ಒಂದು ಹೊತ್ತು ಅನ್ನ ಮಾಡುತ್ತಾನೋ ಇಲ್ಲವೋ. ಹೊಸ ಕಾರ್ಖಾನೆ ಶುರು ಮಾಡಿಕೊಡಲಿ ಎಂದು ಪೀಣ್ಯದ ಕಂಪನಿಯವರು ನಿಮ್ಮನ್ನು ಅಷ್ಟು ದೂರ ಕಳಿಸಿದ್ದಾರಲ್ಲ, ಅಲ್ಲಿ ಅಚ್ಚು ಹತಾರ ಮಾಡುವ ಟೂಲ್‌ರೂಮಿನ ಹುಡುಗರಿಗೆ ನಿಮ್ಮ ಹಿಂದಿ ಅರ್ಥವಾಗುತ್ತದೆಯೇ ಎಂದು ಇಂಚರ ದಿನಾ ನಗುತ್ತಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನು ಇರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನಿಮ್ಮ ಹಿಂದೆ ಯಾವುದಾದರೂ ಯಂತ್ರ ಕೂಗುತ್ತಿರುತ್ತದೆ. ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ 'ಆಯ್ತು ಪದ್ಮಾ, ಎಲ್ಲಾ ಭಾವ ನೋಡ್ಕೋತಾರೆ' ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಇಡಲಾಗುವುದಿಲ್ಲ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ಗುರುವಾರ ಇಂಚರಳ ಸೀಟಿನ ಕೌನ್ಸೆಲಿಂಗ್ ಮುಗಿದುಹೋಗಿರುತ್ತದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನ್ನ ಅಣ್ಣ, ನಿಮ್ಮ ಭಾವ ಮುನಿರಾಜಣ್ಣ ಒಳ್ಳೆಯವರು. ಬೆಳ್ಳಂದೂರಿನಲ್ಲಿ ಟೈಲ್ಸ್ ಅಂಗಡಿ ಬಿಟ್ಟು ನಮಗಾಗಿ ಓಡಾಡುತ್ತಿದ್ದಾರೆ, ಅದನ್ನು ನಾನು ಮರೆತಿಲ್ಲ. ಆದರೆ ನಾಳೆ ಬೆಳಿಗ್ಗೆ ಬಂದು ಇಂಚರಳ ಅಸಲು ಅಂಕಪಟ್ಟಿಗಳನ್ನು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಆ ಖಾಸಗಿ ಕಾಲೇಜಿನವರು ಅಸಲು ಪ್ರತಿ ಇಟ್ಟುಕೊಂಡೇ ಸೀಟು ಹಿಡಿದಿಡುತ್ತಾರಂತೆ. ಗುರುವಾರ ಸರ್ಕಾರಿ ಕೌನ್ಸೆಲಿಂಗಿನಲ್ಲೂ ಅದೇ ಅಸಲು ಪ್ರತಿ ತೋರಿಸದೆ ಸೀಟು ಕೊಡುವುದಿಲ್ಲ. ಅಂದರೆ ನಾಳೆ ಆ ಕಾಗದ ಕೈಬಿಟ್ಟರೆ ಗುರುವಾರ ನಮ್ಮ ಮಗಳು ಬರಿಗೈಯಲ್ಲಿ ನಿಲ್ಲಬೇಕು. ಇಷ್ಟು ದೊಡ್ಡ ವಿಷಯವನ್ನು ನೀವಿಬ್ಬರು ಗಂಡಸರು ಫೋನಿನಲ್ಲೇ ಮುಗಿಸಿ, ನನಗೆ ಹೇಳಿದ್ದು 'ಅಂಕಪಟ್ಟಿ ಕವರಿಗೆ ಹಾಕಿಡು' ಎಂದಷ್ಟೇ. ಕವರಿಗೆ ಹಾಕಿಡಲು ನಾನು ಅಂಚೆ ಕಚೇರಿಯೇ? ಬೇಜಾರು ಮಾಡಿಕೊಳ್ಳಬೇಡಿ, ಸಿಟ್ಟು ಬಂದಿದೆ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತೇನೆ.

ಆ ಕಾಲೇಜನ್ನು ನಾನು ನೋಡದೆ ಬೇಡ ಎನ್ನುತ್ತಿಲ್ಲ. ಹೋದ ಭಾನುವಾರ ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋದರು. ಹೊಸೂರು ರಸ್ತೆಯ ಉದ್ದಕ್ಕೂ ಹೊಸದಾಗಿ ಕಟ್ಟುತ್ತಿರುವ ಮೇಲ್ಸೇತುವೆಗೆ ಕಂಬ ನಿಲ್ಲಿಸಿ, ಕೆಳಗೆ ನಮ್ಮಂಥವರನ್ನು ಧೂಳಿನಲ್ಲಿ ಬಿಟ್ಟಿದ್ದಾರೆ. ಕಾಲೇಜು ತಲುಪಿದೊಡನೆ ಎ.ಸಿ. ಕೋಣೆ, ಕೈಗೆ ಕಾಫಿ, ಟೈ ಕಟ್ಟಿದ ಒಬ್ಬ ಹುಡುಗ. ಗಾಜಿನ ಕಟ್ಟಡ, ಸಭಾಂಗಣ, ಈಜುಕೊಳಕ್ಕೆ ತೋಡಿದ ಗುಂಡಿ, ಎಲ್ಲ ತೋರಿಸಿದ. ಇಂಚರ ಮೆಕ್ಯಾನಿಕಲ್ ಎಂದೊಡನೆ ಅವನ ನಗು ಸ್ವಲ್ಪ ಸೊರಗಿತು. 'ಹುಡುಗೀರಿಗೆ ಅದೆಲ್ಲ ಯಾಕೆ ಮೇಡಂ, ಕಂಪ್ಯೂಟರ್ ಸೈನ್ಸ್ ಕೊಡ್ತೀವಿ, ಎ.ಸಿ.ಲಿ ಕೂತ್ಕೊಂಡಿರ್ಲಿ' ಎಂದ. ಮುನಿರಾಜಣ್ಣ 'ಅದೇ ಸರಿ' ಎಂದರು. ಇಂಚರ ನಿಮ್ಮ ಮಗಳೇ ನೋಡಿ, ವರ್ಕ್‌ಶಾಪ್ ನೋಡಬೇಕು ಎಂದು ಹಟ ಹಿಡಿದಳು. ಅದಕ್ಕೆ ಯಾರನ್ನೋ ಕರೆಸಿ ಶಟರ್ ಎತ್ತಿಸಬೇಕಾಯಿತು. ಸಾಲಾಗಿ ಲೇತುಗಳು, ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕಿನ ಹೊದಿಕೆ ಇನ್ನೂ ಅವುಗಳ ಮೈಮೇಲೇ ಇತ್ತು. ನೆಲದಲ್ಲಿ ಒಂದು ಎಣ್ಣೆ ಕಲೆಯಿಲ್ಲ. ಟೈಲ್ಸ್ ಮಾರುವವರಿಗೆ ಅದಕ್ಕಿಂತ ಇನ್ನೇನು ಬೇಕು. 'ನೋಡಮ್ಮ ಪದ್ಮಾ, ದೇವಸ್ಥಾನ ಇದ್ದಂಗೈತೆ' ಎಂದು ಅಣ್ಣ ಮೆಚ್ಚಿಕೊಂಡರು.

ಹಾಗಾದರೆ ಮೊದಲ ವರ್ಷದ ಮಕ್ಕಳು ಅರ ಹಿಡಿದು ಕಬ್ಬಿಣ ಉಜ್ಜಿ ಒಂದಕ್ಕೊಂದು ಕೂರುವ ತುಂಡು ಮಾಡಬೇಕಲ್ಲ, ನೀವೆಲ್ಲ ಜಾಬ್ ಅನ್ನುತ್ತೀರಲ್ಲ, ಅದನ್ನು ಎಲ್ಲಿ ಮಾಡುತ್ತಾರೆ ಎಂದು ಇಂಚರ ಕೇಳಿದಳು. ಆ ಹುಡುಗ ಏನೂ ಮುಚ್ಚಿಡಲಿಲ್ಲ, ಪಾಪ, ಅದರಲ್ಲಿ ಮುಚ್ಚಿಡುವಂಥದ್ದಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. 'ಅದು ರೆಡಿಮೇಡ್ ಬರುತ್ತೆ, ಪೀಣ್ಯದಿಂದ. ಸ್ಟೂಡೆಂಟ್ಸ್ ಮೇಲೆ ನಂಬರ್ ಪಂಚ್ ಮಾಡಿ ಸಬ್ಮಿಟ್ ಮಾಡ್ತಾರೆ' ಎಂದ. ಪೀಣ್ಯದಿಂದ, ಕೇಳಿಸಿತೇ? ನಿಮ್ಮ ಎರಡನೇ ಹಂತದ ಯಾವುದೋ ಶೆಡ್ಡಿನಲ್ಲಿ ಹತ್ತನೇ ತರಗತಿ ಬಿಟ್ಟ ಹುಡುಗರು ಅರ ಉಜ್ಜುತ್ತಾರೆ, ಗಾಜಿನ ಕಟ್ಟಡದ ಮಕ್ಕಳು ಅದಕ್ಕೆ ತಮ್ಮ ನಂಬರು ಹೊಡೆದು ಎಂಜಿನಿಯರ್ ಆಗುತ್ತಾರೆ. ಅರ ಹಿಡಿಯುವುದನ್ನು ಕಲಿಯಲು ನಿಮಗೆ ಎರಡು ವರ್ಷ ಬೇಕಾಯಿತು, ಅಂಗೈಯ ಗುಳ್ಳೆಗಳನ್ನು ನಮ್ಮ ಮದುವೆಯಲ್ಲಿ ನಾನೇ ಮುಟ್ಟಿ ನೋಡಿದ್ದೇನೆ. ನೀವು ನಿಮ್ಮ ಮಗಳನ್ನು ಕಳಿಸಲು ಒಪ್ಪಿದ ಜಾಗ ಇದು.

ಇನ್ನು ನೀವು ಬೇಡ ಎಂದ ಜಾಗ. ಶುಕ್ರವಾರವೇ ನಾನೂ ಇಂಚರಳೂ ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದೆವು, ತುಮಕೂರು ರಸ್ತೆಯಿಂದ ಒಳಕ್ಕೆ ಹೋಗುವ ಆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ. ಅದನ್ನು ಹೊಗಳಲು ನಾನು ಪೆನ್ನು ಹಿಡಿದಿಲ್ಲ. ಅಲ್ಲಿ ಬಂದ ಸಿಟ್ಟಿನ ಮುಂದೆ ಭಾನುವಾರದ ಸಿಟ್ಟು ಏನೇನೂ ಅಲ್ಲ. ನಮ್ಮನ್ನು ಮಾತನಾಡಿಸುವವರೇ ಇಲ್ಲ. ಗೇಟಿನವನು 'ಅಡ್ಮಿಶನ್ ಇಲ್ಲಿ ಅಲ್ಲ, ಮಲ್ಲೇಶ್ವರದ ಸಿಇಟಿ ಆಫೀಸಿಗೆ ಹೋಗ್ರಿ' ಎಂದು ಮುಖ ತಿರುಗಿಸಿದ. ಕಾರಿಡಾರಿನ ಸೂರಿನಿಂದ ಗಾರೆ ಕಳಚಿ ಕಂಬಿ ಕಾಣುತ್ತದೆ. ಅರ್ಧದಷ್ಟು ಅಧ್ಯಾಪಕರು ಅತಿಥಿಗಳು. ಒಬ್ಬರು ಪಾಠ ಮುಗಿಸಿ ಇನ್ನೊಂದು ಕಾಲೇಜಿಗೆ ಓಡುತ್ತ, ಬಸ್ಸು ತಪ್ಪುತ್ತದೆ ಎಂದು ನಮ್ಮೊಂದಿಗೆ ನಡೆಯುತ್ತಲೇ ಮಾತಾಡಿದರು. ಕೆಲಸ ಸಿಕ್ಕವರ ಹೆಸರಿನ ಫಲಕ ಬಿಸಿಲಿಗೆ ಮಾಸಿ ಯಾವ ವರ್ಷದ್ದೆಂದೂ ತಿಳಿಯುವುದಿಲ್ಲ. ಗ್ರಂಥಾಲಯ ಮಾತ್ರ ದೊಡ್ಡದು, ತುಂಬಿತ್ತು, ಕುರ್ಚಿ ಸಾಲದೆ ಹುಡುಗರು ಕಿಟಕಿಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಇಂಚರಳಿಗೆ ಶೌಚಾಲಯಕ್ಕೆ ಹೋಗಬೇಕಿತ್ತು. ಮಹಿಳೆಯರು ಎಂದು ಬರೆದ ಬಾಗಿಲಿಗೆ ಬೀಗ. ಆಫೀಸಿಗೆ ಹೋಗಿ ಕೇಳಿದೆ. ಗುಮಾಸ್ತ ತಲೆ ಎತ್ತದೆ, 'ಓಪನ್ ಇಟ್ರೆ ನಲ್ಲಿ ಬಿಚ್ಕೊಂಡು ಹೋಗ್ತಾರೆ ಮೇಡಂ' ಎಂದ. ನಲ್ಲಿ ಭದ್ರವಾಗಿರಲಿ ಎಂದು ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೂರಬೇಕೇ ಎಂದು ಕೇಳಿದೆ. 'ಲೆಟರ್ ಕೊಡಿ, ಸಾಹೇಬ್ರಿಗೆ ಪುಟ್ ಅಪ್ ಮಾಡ್ತೀನಿ' ಎಂದ. ಅಲ್ಲಿದ್ದ ಗಂಡಸರೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದೆ, ಈ ಆಫೀಸಿನ ಗಂಡಸರ ಶೌಚಾಲಯಕ್ಕೂ ಇವತ್ತು ಬೀಗ ಹಾಕಿ, ನಾಳೆ ಬೆಳಿಗ್ಗೆಯೊಳಗೆ ಹೊಸ ನಲ್ಲಿ ತಾನಾಗಿ ಬರುತ್ತದೆ ಎಂದು. ನೀವು ಇದ್ದಿದ್ದರೆ ಸೆರಗು ಹಿಡಿದು ಎಳೆದುಕೊಂಡು ಹೊರಗೆ ಬರುತ್ತಿದ್ದಿರಿ. ಗುಮಾಸ್ತ ಆಗ ತಲೆ ಎತ್ತಿದ. 'ಕೀ ನಮ್ಮತ್ರ ಇಲ್ಲ ಮೇಡಂ, ನಿಜವಾಗ್ಲೂ. ಆ ಹುಡುಗೀರನ್ನೇ ಕೇಳಿ' ಎಂದು ಸೋತ ದನಿಯಲ್ಲಿ ಹೇಳಿದ.

ಆ ಹುಡುಗಿಯರು ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬಳ ಹೆಸರು ಶಿವಗಂಗಾ. ಲಿಂಗಸುಗೂರಿನ ಕಡೆಯವಳು. ಅಪ್ಪ ಯಮನೂರ ಕಟ್ಟಡದ ಕೆಲಸಕ್ಕೆ ಬಂದವನು, ಸಂಸಾರವೆಲ್ಲ ಪೀಣ್ಯದ ಹಿಂದೆ ಬಾಡಿಗೆ ಕೋಣೆಯೊಂದರಲ್ಲಿದೆ. ಅವಳು ಎರಡನೇ ವರ್ಷದ ಮೆಕ್ಯಾನಿಕಲ್. 'ಬರ್ರಿ ಅಕ್ಕಾರ, ಕೀಲಿ ನಮ್ಮ ಹತ್ರ ಐತ್ರಿ' ಎಂದು ಇಂಚರಳನ್ನು ಕರೆದುಕೊಂಡು ಹೋದಳು. ಆಮೇಲೆ ಕಥೆ ಹೇಳಿದಳು. ಮೊದಲು ಕೀಲಿ ಆಫೀಸಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತಂತೆ. ಕೇಳಲು ಹೋದರೆ 'ಯಾಕ?' ಎಂದು ಕೇಳುತ್ತಿದ್ದರಂತೆ. 'ಯಾಕ ಅಂತ ಕೇಳ್ತಾರಲ್ರೀ ಅಕ್ಕಾರ, ಏನ್ ಹೇಳೂದು, ಊಟಕ್ಕ ಅನ್ನೂದೇನು?' ಎಂದು ಅವಳು ನಕ್ಕಳು. ಅರ್ಜಿ ಕೊಟ್ಟರು, ಏನೂ ಆಗಲಿಲ್ಲ. ಒಂದು ಶನಿವಾರ ವರ್ಕ್‌ಶಾಪಿನ ಹ್ಯಾಕ್ಸಾ ತೆಗೆದುಕೊಂಡು ಬೀಗದ ಕೊಂಡಿ ಕುಯ್ದು, ತಮ್ಮದೇ ಹೊಸ ಬೀಗ ಹಾಕಿದರು. ಈಗ ಕೀಲಿ ವಾರಕ್ಕೊಬ್ಬಳ ಬಳಿ ಇರುತ್ತದೆ. ಯಾರ ವಾರವೋ ಅವಳು ಎಲ್ಲರಿಗಿಂತ ಮೊದಲು ಬಂದು ತೆರೆದು, ನೀರು ಬರುತ್ತಿದೆಯೇ ನೋಡಿ, ಸಂಜೆ ನಲ್ಲಿಗಳನ್ನು ಎಣಿಸಿ ಬೀಗ ಹಾಕಿಕೊಂಡು ಹೋಗಬೇಕು. ಕೀಲಿ ಇರುವವಳು ಕಿರುಪರೀಕ್ಷೆಗೆ ಕೂತ ಹೊತ್ತು ಮಾತ್ರ ಹಗಲಲ್ಲೂ ಬೀಗ ಹಾಕಿರುತ್ತಾರೆ, ಆ ದಿನ ಶಿವಗಂಗಾ ಆಗಷ್ಟೇ ಬರೆದು ಮುಗಿಸಿ ಹೊರಗೆ ಬಂದಿದ್ದಳು. 'ಈಗ ಆಫೀಸಿನ ಮೇಡಮ್ಮಾರೂ ನಮ್ಮನ್ನ ಕೇಳಬೇಕ್ರಿ. ನಾವು ಯಾಕ ಅಂತ ಕೇಳೂದಿಲ್ರಿ' ಎಂದಳು.

ನನಗೆ ನಗು ಬಂತು, ಬಂದ ಬೆನ್ನಿಗೇ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಹದಿನೆಂಟು ಹತ್ತೊಂಬತ್ತರ ಮಕ್ಕಳು ಪಾಠ ಓದಲು ಬಂದು ಬೀಗ ಕುಯ್ಯಬೇಕೇ? ಅವರ ಜಾಣತನವನ್ನು ಕಂಡು 'ಆಹಾ ಎಂಥ ಧೈರ್ಯ' ಎಂದು ಮೆಚ್ಚಿ ಮನೆಗೆ ಬರುವುದು ಸುಲಭ. ಆ ಮೆಚ್ಚುಗೆಯಲ್ಲಿ ಗುಮಾಸ್ತನೂ ಆರಾಮವಾಗಿರುತ್ತಾನೆ, ಸರ್ಕಾರವೂ ಆರಾಮವಾಗಿರುತ್ತದೆ. ನನಗೆ ಆ ಮೆಚ್ಚುಗೆ ಬೇಡ. ಆ ಬಾಗಿಲು ತೆರೆದೇ ಇರಬೇಕಿತ್ತು.

ಶಿವಗಂಗಾಳೇ ನಮ್ಮನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ತಗಡಿನ ಸೂರು, ಕಪ್ಪು ನೆಲ, ಮೂಗಿಗೆ ನಿಮ್ಮ ಅಂಗಿಯ ವಾಸನೆ. ಲೇತುಗಳಲ್ಲಿ ಕೆಲವು ಕೆಟ್ಟು ನಿಂತಿವೆ, ಅದನ್ನೂ ಬರೆಯುತ್ತೇನೆ. ಮೊದಲ ವರ್ಷದ ಹುಡುಗರು ಹುಡುಗಿಯರು ಪರೀಕ್ಷೆಗೆಂದು ಅಭ್ಯಾಸ ಮಾಡುತ್ತ ಅರ ಉಜ್ಜುತ್ತಿದ್ದರು. ಅಲ್ಲಿಯ ಬೋಧಕ ವೆಂಕಟರಮಣಪ್ಪ ನಿವೃತ್ತಿಗೆ ಹತ್ತಿರದವರು, ಕಿವಿಗೆ ಹತ್ತಿ ಇಟ್ಟುಕೊಂಡು ಎಲ್ಲರನ್ನೂ ಬೈಯುತ್ತಿದ್ದರು. 'ಏ, ಅದೇನ್ ತೆಂಗಿನಕಾಯಿ ತುರೀತಿದೀಯೇನಮ್ಮಾ' ಎಂದು ಒಬ್ಬಳಿಗೆ, 'ಮಗಾ, ನಿನ್ನ ಮೈ ಆಡ್ತಾ ಐತೆ, ಕಬ್ಬಿಣ ಅಲ್ಲೇ ಐತೆ' ಎಂದು ಇನ್ನೊಬ್ಬನಿಗೆ. ಮೇಜಿನ ಮೇಲಿದ್ದ ಒಂದು ತುಂಡನ್ನು ಇಂಚರ ಯಾರನ್ನೂ ಕೇಳದೆ ಎತ್ತಿಕೊಂಡು, ಮೂಲೆ ನೇರವಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಅದಕ್ಕೆ ಒತ್ತಿ, ಕಿಟಕಿಯ ಕಡೆ ತಿರುಗಿಸಿ ಒಂದು ಕಣ್ಣು ಮುಚ್ಚಿ ನೋಡಿದಳು. ನೀವು ಭಾನುವಾರ ಹಿತ್ತಿಲಲ್ಲಿ ಕೂತು ಅವಳಿಗೆ ಕಲಿಸಿದ್ದಿರಲ್ಲ, ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ತಗ್ಗು ಎಂದು, ಹಾಗೆ. ವೆಂಕಟರಮಣಪ್ಪನವರು ಬೈಗುಳ ನಿಲ್ಲಿಸಿ ಅವಳನ್ನೇ ನೋಡಿದರು. 'ಯಾರಮ್ಮ ಇದು? ನಿಮ್ಮಪ್ಪ ಫಿಟ್ಟರಾ?' ಎಂದರು. ಟೂಲ್‌ರೂಮು ಎಂದಳು. 'ಹೂಂ, ಗೊತ್ತಾಯ್ತು. ಸೇರ್ಕೊಂಡ್ರೆ ಬಾ, ಬೈಸ್ಕೊಳ್ಳೋಕೆ ಒಬ್ರು ಕಮ್ಮಿ ಅವ್ರೆ' ಎಂದು ಮತ್ತೆ ಬೈಯಲು ಹೋದರು. ಬಸ್ಸಿನಲ್ಲಿ ಬರುವಾಗ ಇಂಚರ ತನ್ನ ಅಂಗೈಯಲ್ಲಿ ಹತ್ತಿದ್ದ ಕಬ್ಬಿಣದ ಪುಡಿಯನ್ನು ಒರೆಸಿಕೊಳ್ಳಲೇ ಇಲ್ಲ.

ನಿಮ್ಮ ವಾದ ನನಗೆ ಗೊತ್ತು. ಅಲ್ಲಿಂದ ಕೆಲಸ ಸಿಗುವುದಿಲ್ಲ, ಪರೀಕ್ಷೆ ತಡವಾಗುತ್ತದೆ, ಒಬ್ಬಳೇ ಮಗಳು. ಒಂದೊಂದು ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಅದಕ್ಕೇ ನಾನು ಈ ನಾಲ್ಕು ದಿನ ನಿದ್ದೆಗೆಟ್ಟದ್ದು. ಆದರೆ ಒಂದು ಮಾತು ಹೇಳಿ. ನಿಮ್ಮನ್ನು ಓದಿಸಿದ್ದು ಸರ್ಕಾರದ ಐ.ಟಿ.ಐ., ನನ್ನನ್ನು ಎಂ.ಎ.ವರೆಗೆ ಓದಿಸಿದ್ದು ಸರ್ಕಾರ. ಆಗಲೂ ಗಾರೆ ಉದುರುತ್ತಿತ್ತು. ನಾವು ಒಂದು ಮನೆ ಕಟ್ಟಿಕೊಂಡೆವು, ಕುಕ್ಕರ್ ಮಿಕ್ಸಿ ಬಂತು, ಆಮೇಲೆ ಅದೇ ಬಾಗಿಲು ನಮಗೆ ಕೊಳಕಾಗಿ ಕಂಡಿತು. ಕೇಳಬಲ್ಲವರೆಲ್ಲ ಒಬ್ಬೊಬ್ಬರಾಗಿ ಎದ್ದು ಗಾಜಿನ ಕಟ್ಟಡಕ್ಕೆ ಹೋದರೆ, ಗುಮಾಸ್ತನ ಮುಂದೆ ನಿಂತು ಗಟ್ಟಿಯಾಗಿ ಮಾತನಾಡುವವರು ಯಾರು? ಯಮನೂರ ಕೂಲಿ ಬಿಟ್ಟು ಬಂದು ಮಾತನಾಡಬೇಕೇ? ಅವನ ಮಗಳಿಗೆ ಅದು ಕೊನೆಯ ಬಾಗಿಲು, ನಮಗೆ ಮಾತ್ರ ಅದು ಬೇಕಾದರೆ ಉಂಟು ಬೇಡವಾದರೆ ಇಲ್ಲ ಎನ್ನುವ ಬಾಗಿಲು. ಈ ಅನುಕೂಲಕ್ಕೆ ನೀವು 'ಮಗಳ ಭವಿಷ್ಯ' ಎಂದು ಹೆಸರಿಟ್ಟಿದ್ದೀರಿ.

ಇದನ್ನೆಲ್ಲ ನಿನ್ನೆ ಊಟ ಮಾಡುವಾಗ ಇಂಚರಳ ಮುಂದೆ ಭಾಷಣದಂತೆ ಹೇಳಿದೆ. ಅವಳು ಮುದ್ದೆ ಮುರಿಯುತ್ತ ಕೇಳಿಸಿಕೊಂಡು, 'ಅಮ್ಮ, ನಿನ್ ಸಿಟ್ಟಿಗೋಸ್ಕರ ನಾನು ಅಲ್ಲಿಗೆ ಸೇರಲ್ಲ. ಅಪ್ಪನ ಭಯಕ್ಕೋಸ್ಕರ ಆ ಇನ್ನೊಂದ್ ಕಡೆಗೂ ಹೋಗಲ್ಲ. ನಂಗೆ ಇನ್ನೊಂದ್ಸಲ ಒಬ್ಳೇ ನೋಡ್ಬೇಕು' ಎಂದಳು. ಸಿಟ್ಟು ನನ್ನದು, ನಾಲ್ಕು ವರ್ಷ ಅಲ್ಲಿ ಕೂರಬೇಕಾದವಳು ಅವಳು. ನಾಳೆ ಅವಳಿಗೆ ಕೆಲಸ ಸಿಗದಿದ್ದರೆ ನನ್ನ ಮಾತುಗಳು ಅವಳ ಹೊಟ್ಟೆ ತುಂಬಿಸುವುದಿಲ್ಲ. ಹಾಗಾಗಿ ಈ ಕ್ಷಣಕ್ಕೆ ನಾನೂ ತೀರ್ಮಾನಿಸಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಅವಳೊಬ್ಬಳೇ ಆ ಸರ್ಕಾರಿ ಕಾಲೇಜಿಗೆ ಹೋಗಿದ್ದಾಳೆ. ಶಿವಗಂಗಾಳ ತರಗತಿಯಲ್ಲಿ ಹಿಂದೆ ಕೂರುತ್ತಾಳಂತೆ, ಕ್ಯಾಂಟೀನಿನ ಚಹಾ ಕುಡಿದು ನೋಡುತ್ತಾಳಂತೆ, ಓದು ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಆ ಮಾಸಿದ ಫಲಕಕ್ಕಿಂತ ಚೆನ್ನಾಗಿ ಹೇಳುವವರನ್ನು ಹುಡುಕುತ್ತಾಳಂತೆ. ಸಂಜೆಯ ರೈಲು ಹೋದ ಸದ್ದಾಯಿತು, ಇನ್ನೇನು ಬರುವ ಹೊತ್ತು. ಅವಳು ಏನು ಹೇಳಿದರೂ ಅದಕ್ಕೆ ನಾನು ಒಪ್ಪುತ್ತೇನೆ, ಗಾಜಿನ ಕಟ್ಟಡವಾದರೂ ಸರಿ. ನೀವೂ ಒಪ್ಪಬೇಕು. ಅಷ್ಟನ್ನು ಕೇಳಲು ಇಷ್ಟುದ್ದ ಬರೆದೆ.

ಅಲ್ಲಿಯ ಬಿಸಿಲಿನಲ್ಲಿ ಟೊಪ್ಪಿ ಇಲ್ಲದೆ ತಿರುಗಬೇಡಿ. ಮೊಣಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿ. ಬಯ್ದೆನೆಂದು ಊಟ ಬಿಟ್ಟು ಮಲಗಬೇಡಿ, ಬಯ್ಯಲು ನನಗೂ ನೀವೊಬ್ಬರೇ ಇರುವುದು. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿಮ್ಮ
ಪದ್ಮಾವತಿ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮುನ್ನವೇ ಇಂಚರ ಬಂದಳು. ಚಪ್ಪಲಿ ಕೂಡ ಬಿಡದೆ, 'ಅಮ್ಮ, ಗುರುವಾರ ಅಲ್ಲೇ ಮೆಕ್ಯಾನಿಕಲ್ ತಗೋತೀನಿ. ಚಹಾ ಕೆಟ್ಟದಾಗಿದೆ, ಗಣಿತದ ಮೇಷ್ಟ್ರು ಚೆನ್ನಾಗಿದಾರೆ. ಅಪ್ಪಂಗೆ ನಾನೇ ಫೋನ್ ಮಾಡ್ತೀನಿ' ಎಂದಳು. ಅಂಕಪಟ್ಟಿಗಳನ್ನು ಅವಳ ಕೈಗೇ ಕೊಟ್ಟೆ. ಅವು ಇನ್ನು ಮುನಿರಾಜಣ್ಣನ ಕೈಗೆ ಹೋಗುವುದಿಲ್ಲ, ಇದನ್ನು ಖಂಡಿತವಾಗಿ ತಿಳಿಯಿರಿ. ಅವರು ನಾಳೆ ಬರುತ್ತೇನೆಂದವರು ಇವತ್ತೇ ಬಂದಿದ್ದಾರೆ, ಬೀದಿಯ ತುದಿಯಲ್ಲಿ ಕಾರು ತಿರುಗಿಸುವ ಸದ್ದು ಕೇಳುತ್ತಿದೆ. ಅವರಿಗೆ ಹೇಗೆ ಹೇಳಲಿ ಎಂದು ಇನ್ನೂ ಹೊಳೆದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಪಿಳ್ಳಮ್ಮ ರಾಗಿಯ ಮೊರ ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದರು. ಇಂಚರ ನನಗಿಂತ ಮುಂಚೆ ಅವರಿಗೆ ಸುದ್ದಿ ಹೇಳಿ ಬಂದಿದ್ದಳಂತೆ. ಒಳಗೂ ಬರದೆ, ಹೊಸಿಲ ಆಚೆಯೇ ನಿಂತು ಮೆಲ್ಲಗೆ ಹೇಳಿದರು: 'ಪದ್ಮಮ್ಮ, ನಿಮ್ಮ ಅಣ್ಣಾವ್ರು ಕಾರ್ ನಿಲ್ಸಿ, ಮಗು ಕಾಲೇಜ್ ಇಚಾರ ಏನಾಯ್ತು ಅಂದ್ರು. ಅವ್ಳು ಆಗ್ಲೇ ಸರ್ಕಾರದ್ರಲ್ಲಿ ಸೇರ್ಕಂಡ್ಳಲ್ಲ ಸ್ವಾಮಿ ಅಂದ್ಬುಟ್ಟೆ, ಕಾರ್ ತಿರುಗುಸ್ಕಂಡ್ ಒಂಟೋದ್ರು. ಸುಳ್ಳೇಳಿವ್ನಿ ಕಣವ್ವ. ಗುರುವಾರ ಓಗಿ ನಿಜ ಮಾಡ್ಕಂಡ್ ಬಂದ್ಬುಡಿ.'